ಕಾಲು ಇತ್ತ ಕಡೆಗಿತ್ತು

ಈ ಊರಿನ ಹೆಸರಿನ ಮೊದಲಕ್ಷರ ನನ್ನ ಲಿಪಿಯಲ್ಲಿಲ್ಲ.
ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಒತ್ತಿ
ಇಕ್ಕೆಲದಿಂದ ಉಸಿರು ಬಿಡಬೇಕು,
ಹಸಿ ಸೌದೆ ಹೊತ್ತಿಕೊಳ್ಳಲು ಹೆಣಗುವ ಸದ್ದು.
ಲ ಅಲ್ಲ. ಳ ಅಲ್ಲ.
ನಮಗೂ ಒಂದಿತ್ತು, ಶಾಸನದ ಕಲ್ಲಿನಲ್ಲಿ ಉಳಿದ ೞ;
ಬಾಯಿಂದ ಎಂದು ಜಾರಿತೋ ಯಾರೂ ಗುರುತು ಹಾಕಿಡಲಿಲ್ಲ.
ಇವರು ಬಿಟ್ಟಿಲ್ಲ.
ಲಾನ್‌ಗಾರ್ವಿ ಎಂದು ಬರೆದುಕೊಂಡೆ,
ತಪ್ಪೆಂದು ಗೊತ್ತಿದ್ದೇ.

ಚರ್ಚಿನ ಕೀಲಿ ತೆಗ್ವೆನ್‌ಳ ಅಡುಗೆಮನೆಯಲ್ಲಿ, ಮೊಟ್ಟೆಬುಟ್ಟಿಯ ಪಕ್ಕ.
ತಿಂಗಳಿಗೊಂದೇ ಭಾನುವಾರ ಇಲ್ಲಿ;
ಪಾದ್ರಿಗೆ ಇನ್ನೂ ಆರು ಊರುಗಳಿವೆ.
ಪೆಟ್ಟಿಗೆಯಲ್ಲಿ ಹಳೆಯ ದಫ್ತರ, ಇಲಿ ತಿಂದ ಅಂಚು,
ಮೊದಲ ಪುಟದಲ್ಲಿ ಗಡಿ:

ಮೂಡಲು ಕರಿಮಡುವಿನಿಂದ ಹೊರಟ ತೊರೆ,
ತೆಂಕಲು ಮುರಿದ ಶಿಲುಬೆ,
ಪಡುವಲು ನೀರು ಎರಡಾಗಿ ಒಡೆಯುವ ದಿಣ್ಣೆ,
ಬಡಗಲು
ಬಡಗಲು ಏನೂ ಬರೆದಿಲ್ಲ.
ಅತ್ತ ಬರೀ ಜವುಗು, ಹಂಜು ಹುಲ್ಲು, ಮಂಜು.
ಅತ್ತ ಹೋದವರು ಅಳೆಯಲು ಹೋದವರಲ್ಲ.

ಸಾವಿರದ ಎಂಟುನೂರ ಹದಿನಾಲ್ಕು, ಮಾರ್ಚ್.
ಹಿಮ ಕರಗಿದಾಗ ಆ ಜವುಗಿನಲ್ಲಿ ಒಬ್ಬ ಸಿಕ್ಕಿದ,
ಬೆನ್ನಿಗೆ ಸೂಜಿ ದಾರ ರಿಬ್ಬನ್ನಿನ ಗಂಟು.
ಹೂಳುವ ಖರ್ಚು ಯಾರದು?
ಎರಡು ಊರಿನ ಹಿರಿಯರು ಹೆಣದ ಸುತ್ತ ನಿಂತು ವಾದಿಸಿದರು,
ಮಧ್ಯಾಹ್ನವಿಡೀ, ಟೋಪಿ ತೆಗೆಯದೆ.
ತಲೆ ಅವರ ಊರಲ್ಲಿ, ಕಾಲು ಇಲ್ಲಿ.
ಕೊನೆಗೆ ಎಡ್ನವೆಡ್ ಪಾದ್ರಿ ಕೇಳಿದನಂತೆ:
ಮನುಷ್ಯ ಊರಿಗೆ ಬರುವುದು ತಲೆಯಿಂದಲೋ, ಕಾಲಿಂದಲೋ?
ದಫ್ತರದಲ್ಲಿ ಒಂದೇ ಸಾಲು:
‘ಅಪರಿಚಿತ. ಕಾಲು ಇತ್ತ ಕಡೆಗಿತ್ತು. ಹಲಗೆಗೆ ನಾಲ್ಕು ಷಿಲಿಂಗ್.’
ರಿಬ್ಬನ್ ಏನಾಯಿತೆಂದು ಬರೆದಿಲ್ಲ.
ಆ ವರ್ಷದ ಮದುವೆಗಳ ಪುಟ ತಿರುವಿದೆ, ಸುಮ್ಮನೆ:
ಐದು. ಊರಿಗೆ ಅದು ಹೆಚ್ಚೇ.

ಆಮೇಲೆ ಸೀಸದ ಗಣಿ ಬಂತು, ಮೂವತ್ತು ವರ್ಷ ಕೆಮ್ಮಿತು, ಹೋಯಿತು.
ದನಗಳಿಗೆ ಲಾಳ ಕಟ್ಟಿ ಇಂಗ್ಲೆಂಡಿಗೆ ಹೊಡೆದುಕೊಂಡು ಹೋದ ರಿದ್ದೆರ್ಖ್
ನಾಯಿಯನ್ನಷ್ಟೇ ವಾಪಸು ಕಳಿಸಿದ;
ಅದು ಹದಿನೇಳು ದಿನ ನಡೆದು ಬಂದು
ಬಾಗಿಲ ಮುಂದೆ ಮಲಗಿತು.
ಸೈನ್ಯದ ಸರ್ವೇಯರ್ ಬಂದ, ಕಿವಿ ಮಂದ,
‘ಹಾಲಿನ ಹಳ್ಳ’ವನ್ನು ಯಾವುದೋ ‘ಮಿಲಿಯ ಹಳ್ಳ’ ಮಾಡಿ ಹೋದ.
ನಕ್ಷೆಯಲ್ಲಿ ಇಂದಿಗೂ ಮಿಲಿ ಇದ್ದಾಳೆ,
ಊರಲ್ಲಿ ಎಂದೂ ಇರಲಿಲ್ಲ.

‘ನಕ್ಷೆ ಬಿಡು,’ ಅಂದಳು ತೆಗ್ವೆನ್.
‘ಗಡಿ ಗೊತ್ತಿದ್ದದ್ದು ಕುರಿಗೆ.’
ಮೇಲೆ ಬೇಲಿಯಿಲ್ಲ, ಗೋಡೆಯಿಲ್ಲ.
ತಾಯಿ ಎಲ್ಲಿ ಹೊರಳುತ್ತದೋ ಮರಿಯೂ ಅಲ್ಲೇ ಹೊರಳುತ್ತದೆ,
ಅದರ ಮರಿ, ಅದರ ಮರಿ,
ಆರುನೂರು ವರ್ಷ ಹಾಲಿನೊಂದಿಗೆ ಕುಡಿಸಿದ ಊರು.
ಬಡಗಣ ಗಡಿ ಬರೆದಿಡದ ಕಾರಣ ಆಗ ತಿಳಿಯಿತು.

ಕಾಲುಬಾಯಿ ರೋಗದ ವರ್ಷ
ಬಿಳಿ ಅಂಗಿಯವರು ಬಂದು ಮೂರು ದಿನದಲ್ಲಿ ಮುಗಿಸಿದರು.
ರೋಗ ಬಂದವನ್ನೂ, ಬರದವನ್ನೂ.
ಅವಳ ಗಂಡ ಮೈರಿಗ್ ಹೊಗೆಯತ್ತ ನೋಡಲಿಲ್ಲ,
ಮೇಲೆ ನೋಡಿದ, ಖಾಲಿ ಗುಡ್ಡದತ್ತ:
‘ಇನ್ನು ನಮ್ಮದು ಯಾವುದು ಅಂತ ಹೇಳುವವರು ಯಾರು?’

ಪರಿಹಾರದ ಹಣದಲ್ಲಿ ಕೊಂಡ ಹೊಸ ಕುರಿಗಳಿಗೆ
ಎಲ್ಲ ಗುಡ್ಡವೂ ಒಂದೇ.
ಬೆಳಗು ಬೈಗು ಅವಳೂ ಮೋಟ್ ನಾಯಿಯೂ
ಬಡಗಣ ಜವುಗಿನಂಚಿಗೆ ನಿಂತು
ತಿರುಗಿಸಿದರು. ನಾಳೆ ಮತ್ತೆ. ನಾಡಿದ್ದು ಮತ್ತೆ.
ನಾಲ್ಕು ಚಳಿಗಾಲ. ನಡುವೆ ಮೈರಿಗ್ ಹೋದ.

ಒಂದು ಸಂಜೆ, ಅವಳು ಕೂಗುವ ಮೊದಲೇ,
ಹರಕು ಕಿವಿಯ ಕುರಿಯೊಂದು ನಿಂತಿತು,
ಮೂಸಿತು, ಏನನ್ನೋ ಲೆಕ್ಕ ಹಾಕಿತು,
ಮರಿಯೊಡನೆ ಹಿಂದಕ್ಕೆ ಹೊರಳಿತು.
ಸರಿಸುಮಾರು ಅಲ್ಲೇ ಅಂತೆ,
ಆ ರಿಬ್ಬನ್ನಿನವನು ಸಿಕ್ಕಿದ್ದು.

‘ಆಮೇಲೆ?’
ಅವಳು ಮೊಟ್ಟೆ ಒರೆಸುತ್ತಾ ಅಂದಳು:
‘ಆಮೇಲೇನು, ಮಿಕ್ಕವು ದಾಟಿಬಿಟ್ಟವು.
ಬೈದುಕೊಂಡು ಹೋಗಿ ಹೊಡೆದು ತಂದೆ.’